ಮೆಲ್ಲಣ್ಣ ನಿಲ್ಲಿಸಿದ ವಿಮಾನ

ಹೆತ್ತವರು ಇಟ್ಟ ಹೆಸರು ಅವನ ಗುರುತಿನ ಚೀಟಿಯಲ್ಲಿ ಮಾತ್ರ ಇತ್ತು. ಬಸ್ ಡಿಪೋದಲ್ಲಿ ಇಪ್ಪತ್ತನಾಲ್ಕು ವರ್ಷ ಎಲ್ಲರ ಬಾಯಲ್ಲೂ ಅವನು ಮೆಲ್ಲಣ್ಣ. ಬಸ್ಸನ್ನು ಅಷ್ಟು ಮೆಲ್ಲಗೆ ನಿಲ್ಲಿಸುತ್ತಿದ್ದ. ಅವನ ಬಸ್ಸಿನಲ್ಲಿ ನಿಂತವರು ಕಂಬಿ ಹಿಡಿಯುತ್ತಿರಲಿಲ್ಲ. ಒಬ್ಬ ಅಜ್ಜಿ ದಿನಾ ಬೆಳಿಗ್ಗೆ ಎರಡು ಕಡ್ಡಿಗಳಲ್ಲಿ ಉಣ್ಣೆ ಹೆಣೆಯುತ್ತ ನಿಂತೇ ಹೋಗುತ್ತಿದ್ದಳಂತೆ, ಒಂದು ಹೆಣಿಕೆಯೂ ತಪ್ಪುತ್ತಿರಲಿಲ್ಲವಂತೆ. ಹೊಸ ಕಂಡಕ್ಟರುಗಳು "ಇಷ್ಟು ನಿಧಾನ ಹೋದ್ರೆ ಬಸ್ಸಿಗೆ ಬೇರು ಬರುತ್ತೆ ಅಣ್ಣ" ಎಂದು ರೇಗಿಸಿದರೆ, "ನಿಧಾನ ಅಲ್ಲಪ್ಪ, ಮೆಲ್ಲಗೆ. ಎರಡೂ ಬೇರೆ" ಎನ್ನುತ್ತಿದ್ದ. ಮಾತು ಸುಳ್ಳಲ್ಲ. ಗಡಿಯಾರದ ಮುಳ್ಳು ತಪ್ಪಬಹುದು, ಅವನ ಬಸ್ಸು ಹೊತ್ತು ತಪ್ಪುತ್ತಿರಲಿಲ್ಲ.

ಐವತ್ತೊಂದನೆಯ ವಯಸ್ಸಿನಲ್ಲಿ, ಒಂದು ಮಂಗಳವಾರ, ಮೊದಲ ಟ್ರಿಪ್ಪು ಮುಗಿಸಿ ಬಸ್ಸನ್ನು ಡಿಪೋದೊಳಗೆ ತಂದು ನಿಲ್ಲಿಸಿದ. ಡಿಪೋದ ಅಂಗಳ ಬಸ್ಸು ತೊಳೆಯುವ ಜಾಗದ ಕಡೆಗೆ ಸ್ವಲ್ಪ ಇಳಿಜಾರು. ಕಣ್ಣಿಗೆ ಕಾಣದಷ್ಟು, ನೀರು ಚೆಲ್ಲಿದರೆ ತಿಳಿಯುವಷ್ಟು. ಇಳಿದು ಮುಂದಕ್ಕೆ ಬಂದು, ಸಡಿಲವಾಗಿದ್ದ ವೈಪರನ್ನು ಒತ್ತಿ ನೋಡುತ್ತಿದ್ದ. ಬೆನ್ನಿಗೆ ಇನ್ನೊಂದು ಬಸ್ಸು ನಿಂತಿತ್ತು. ಅಷ್ಟರಲ್ಲಿ ಅವನ ಬಸ್ಸು ಸದ್ದಿಲ್ಲದೆ ಮುಂದಕ್ಕೆ ಬಂತು. ಎರಡು ಮೊಳವೂ ಇಲ್ಲ. ಬಲಗಾಲು ಎರಡು ಬಂಪರುಗಳ ನಡುವೆ ಸಿಕ್ಕಿಕೊಂಡಿತು. ಮೂಳೆ ಮೂರು ಕಡೆ ಮುರಿಯಿತು.

ಆಸ್ಪತ್ರೆಯ ಮಂಚದ ಪಕ್ಕಕ್ಕೆ ಡಿಪೋದಿಂದ ಇಬ್ಬರು ಬಂದು, "ಹ್ಯಾಂಡ್ ಬ್ರೇಕ್ ಎಳೆದಿದ್ರಾ?" ಎಂದು ಕೇಳಿದರು.

"ಎಳೆದಿದ್ದೆ" ಎಂದ ಮೆಲ್ಲಣ್ಣ.

ಅವರು ಹೋಗಿ ಬಸ್ಸು ತಪಾಸಣೆ ಮಾಡಿದಾಗ ಬ್ರೇಕಿನ ವೈರು ಸವೆದಿದ್ದು ಕಂಡಿತು. ಕಾಗದದಲ್ಲಿ ಅದನ್ನೇ ಬರೆದರು. ವೈರು ನೋಡಿಕೊಳ್ಳಬೇಕಿದ್ದ ಹಳೆಯ ಮೆಕ್ಯಾನಿಕ್‌ನನ್ನು ಬಸ್ಸಿನಡಿ ಇಳಿದು ಕೆಲಸ ಮಾಡುವ ರಿಪೇರಿ ಗುಂಡಿಯಿಂದ ತೆಗೆದು ಟೈರಿನ ಗೋದಾಮಿಗೆ ಹಾಕಿದರು. ಕಡತ ಮುಚ್ಚಿತು.

ಮೆಲ್ಲಣ್ಣನ ತಲೆಯಲ್ಲಿ ಮಾತ್ರ ಮುಚ್ಚಲಿಲ್ಲ. ಮಲಗಿದಲ್ಲೇ ಆ ಬೆಳಗನ್ನು ಮತ್ತೆ ಮತ್ತೆ ತಿರುವಿ ಹಾಕಿದ. ಎಂಜಿನ್ ಆರಿಸಿದ್ದು ನೆನಪಿದೆ. ನೀರಿನ ಬಾಟಲಿ ತೆಗೆದುಕೊಂಡದ್ದು ನೆನಪಿದೆ. ಬಾಗಿಲಿನ ಹಿಡಿಕೆ ತಣ್ಣಗಿತ್ತು, ಅದೂ ನೆನಪಿದೆ. ಬ್ರೇಕಿನ ಸನ್ನೆಕೋಲು ಎಳೆದದ್ದು ಮಾತ್ರ ಎಲ್ಲೂ ಇಲ್ಲ. ಇಪ್ಪತ್ತನಾಲ್ಕು ವರ್ಷ ಕೈ ತಾನಾಗಿ ಮಾಡಿದ ಕೆಲಸ. ಆ ದಿನವೂ ಮಾಡಿತೋ ಇಲ್ಲವೋ, ಕೈಗೇ ಗೊತ್ತು. ಬಾಯಿ ಮಾತ್ರ ಕೈಯನ್ನು ಕೇಳದೆ "ಎಳೆದಿದ್ದೆ" ಎಂದುಬಿಟ್ಟಿತ್ತು. ಇದನ್ನು ಅವನು ಯಾರ ಮುಂದೆಯೂ ಹೇಳಲಿಲ್ಲ.

ಆರು ವಾರಕ್ಕೆ ಪ್ಲಾಸ್ಟರು ಬಿಚ್ಚಿದರು. ಒಳಗಿಂದ ಹೊರಬಂದ ಕಾಲು ತನ್ನದೇ ಎಂದು ನಂಬಲು ಅವನಿಗೆ ಹೊತ್ತು ಬೇಕಾಯಿತು. ಮೀನಖಂಡ ಒಣಗಿ ಹಗ್ಗದಂತಾಗಿತ್ತು. ವ್ಯಾಯಾಮ ಕಲಿಸಲು ಬರುತ್ತಿದ್ದ ಫಿಸಿಯೋ ಮೇಡಂ ಅಗಲವಾದ ರಬ್ಬರು ಪಟ್ಟಿಯೊಂದನ್ನು ಅಂಗಾಲಿಗೆ ಸಿಕ್ಕಿಸಿ, "ಮುಂಗಾಲಲ್ಲಿ ಒತ್ತಿ, ಒತ್ತಿ ಹಿಡ್ಕೊಳ್ಳಿ, ಹತ್ತು ಎಣಿಸಿ ಬಿಡಿ. ದಿನಕ್ಕೆ ನೂರು ಸಲ" ಎಂದರು. ಮೊದಲ ವಾರ ನೂರು ಮಾಡಿದ. ಎರಡನೆಯ ವಾರ ಐವತ್ತು. ಆಮೇಲೆ ಮೇಡಂ ಬಾಗಿಲು ತಟ್ಟಿದಾಗ ಮಾತ್ರ ಪಟ್ಟಿ ಕಾಲಿಗೆ ಏರುತ್ತಿತ್ತು.

"ಸುಳ್ಳು ಹೇಳ್ಬೇಡಿ, ನಿಮ್ಮ ಕಾಲು ಹೇಳುತ್ತೆ" ಎಂದರು ಅವರು ಒಂದು ದಿನ, ಸಿಟ್ಟಿಲ್ಲದೆ. "ಹೀಗೇ ಬಿಟ್ರೆ ಕೋಲು ಜೀವಮಾನ ಪೂರ್ತಿ ಜೊತೆಗಿರುತ್ತೆ."

ಮೆಲ್ಲಣ್ಣನ ಮನೆ ಎರಡು ಕೋಣೆಯದು. ಹೊರಕೋಣೆಯ ಕಿಟಕಿಯ ಬಳಿ ಹೆಂಡತಿಯ ಹೊಲಿಗೆ ಮಿಷನ್ನು. ಆಕೆ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು, ಪ್ಯಾಂಟು ಗಿಡ್ಡ ಮಾಡಿಕೊಡುತ್ತಿದ್ದಳು, ಹರಿದ ಕಾಲರು ತಿರುಗಿಸಿ ಹಾಕುತ್ತಿದ್ದಳು. ನೆಲದ ತುಂಬ ನೂಲಿನ ಚೂರು. ಮೆಲ್ಲಣ್ಣ ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ರಸ್ತೆ ನೋಡುತ್ತಿದ್ದ. ಬಸ್ಸು ಬಂದರೆ ಮುಖ ತಿರುಗಿಸುತ್ತಿದ್ದ.

ಒಂದು ಮಧ್ಯಾಹ್ನ ಅವನ ಅಕ್ಕನ ಮಗಳು ಎರಡು ಪೆಟ್ಟಿಗೆ ಹೊತ್ತುಕೊಂಡು ಬಂದಳು. ಎರಡು ಬೀದಿಯಾಚೆ ಅವಳದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಸದಾ ತುರುಬಿಗೊಂದು ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡೇ ಇರುತ್ತಿದ್ದಳು. ಒಂದು ಪೆಟ್ಟಿಗೆಯಲ್ಲಿ ಹಳೆಯ ಕಂಪ್ಯೂಟರು, ಇನ್ನೊಂದರಲ್ಲಿ ಕಬ್ಬಿಣದ ಎರಡು ಪೆಡಲುಗಳು.

"ಏನೇ ಇದು?" ಎಂದ ಮೆಲ್ಲಣ್ಣ.

"ಯುದ್ಧವಿಮಾನ ಓಡಿಸೋ ಆಟ ಮಾವ. ಇವು ಅದರ ಪೆಡಲ್ಲು. ಯಾರೋ ರಿಪೇರಿಗೆ ಕೊಟ್ಟಿದ್ರು, ಆಮೇಲೆ ನೀನೇ ಇಟ್ಕೋ ಅಂದ್ರು."

"ಈ ವಯಸ್ಸಲ್ಲಿ ನಾನ್ಯಾರ ಮೇಲೆ ಯುದ್ಧಕ್ಕೆ ಹೋಗ್ಲಿ? ಮೂವತ್ತು ವರ್ಷದಿಂದ ನಿಮ್ಮತ್ತೆ ಮೇಲೇ ಗೆಲ್ಲಕ್ಕಾಗ್ಲಿಲ್ಲ."

ಹೆಂಡತಿಯ ಬಾಯಿ ತುಂಬ ಗುಂಡುಪಿನ್ನುಗಳಿದ್ದುದರಿಂದ ಉತ್ತರ ಬರಲಿಲ್ಲ. ನೋಟ ಬಂತು.

"ಹೊಡೆಯೋದೂ ಬೇಡ, ಹಾರೋದೂ ಬೇಡ" ಎಂದಳು ಹುಡುಗಿ, ವೈರುಗಳನ್ನು ಸಿಕ್ಕಿಸುತ್ತ. "ಸುಮ್ಮನೆ ನಿಲ್ಲಿಸ್ಕೊಂಡಿರಿ. ಫಿಸಿಯೋ ಮೇಡಂ ಹತ್ರ ಕೇಳಿದೀನಿ, ಇದೂ ಅದೇ ವ್ಯಾಯಾಮ ಅಂದ್ರು."

ಪರದೆಯ ಮೇಲೆ ಒಂದು ಹುಲ್ಲುಬಯಲು ಮೂಡಿತು. ಮೂಗಿನಲ್ಲಿ ಫ್ಯಾನಿನಂಥ ರೆಕ್ಕೆ ತಿರುಗಿಸುವ ಹಳೆಯ ಕಾಲದ ವಿಮಾನ, ಅದರೊಳಗೆ ಕೂತ ಹಾಗೆ ನೋಟ. ಎದುರಿಗೆ ಒಂದು ಶೆಡ್ಡು, ಅದರ ಎಡಕ್ಕೆ ಒಂದು ಪೀಪಾಯಿ, ಇನ್ನೂ ಎಡಕ್ಕೆ ಬೇಲಿ. ಅಕ್ಕನ ಮಗಳು ವಿವರಿಸಿದಳು: ಎಂಜಿನ್ ಶುರುವಾದ ಮೇಲೆ ಚೆನ್ನಾಗಿ ಕಾದು ಬಿಸಿಯಾಗಬೇಕು, ಅದಕ್ಕೆ ಏಳು ನಿಮಿಷ. ಅಲ್ಲಿಯವರೆಗೆ ವಿಮಾನ ಕದಲಬಾರದು. ಆದರೆ ಮೂಗಿನ ರೆಕ್ಕೆ ಸುಮ್ಮನೆ ತಿರುಗಿದರೂ ಮುಂದಕ್ಕೆ ಎಳೆಯುತ್ತಲೇ ಇರುತ್ತದೆ. ಎಡ ಪೆಡಲಿನ ತುದಿ ಒತ್ತಿದರೆ ಎಡಚಕ್ರಕ್ಕೆ ಬ್ರೇಕು, ಬಲದ್ದು ಒತ್ತಿದರೆ ಬಲಚಕ್ರಕ್ಕೆ.

"ಒಂದೊಂದು ಚಕ್ರಕ್ಕೆ ಒಂದೊಂದು ಬ್ರೇಕಾ? ಯಾವ ಪುಣ್ಯಾತ್ಮ ಮಾಡಿದ್ದು? ಹ್ಯಾಂಡ್ ಬ್ರೇಕ್ ಎಲ್ಲಿ?"

"ಈ ವಿಮಾನಕ್ಕಿಲ್ಲ ಮಾವ. ಕಾಲೇ ಗತಿ."

ಎಂಜಿನ್ ಗುಡುಗಿತು. ಮೆಲ್ಲಣ್ಣ ಒತ್ತಿದ. ಅರ್ಧ ನಿಮಿಷ ಎಲ್ಲ ಸರಿಯಿತ್ತು. ಆಮೇಲೆ ಶೆಡ್ಡು ಸ್ವಲ್ಪ ದೊಡ್ಡದಾದಂತೆ ಕಂಡಿತು. ಕೆಳಗೆ ಹುಲ್ಲು ಹಿಂದಕ್ಕೆ ಸರಿಯುತ್ತಿತ್ತು. ನಿಂತಿದೆ ಎಂದುಕೊಂಡ ಗಾಡಿ ನಿಂತಿರಲಿಲ್ಲ.

ಅವನು ಕುರ್ಚಿ ಹಿಂದಕ್ಕೆ ತಳ್ಳಿ, ಕೋಲು ಮರೆತು ಎದ್ದುಬಿಟ್ಟ. ಎರಡು ಹೆಜ್ಜೆಗೆ ಕಾಲು ಮಡಚಿಕೊಂಡು ಹೊಲಿಗೆ ಮಿಷನ್ನಿನ ಮೇಲೆ ಬಿದ್ದ. ಹೆಂಡತಿ ಹಿಡಿದುಕೊಂಡಳು. ಅವನ ಅಂಗಿ ಬೆವರಿನಲ್ಲಿ ನೆನೆದಿತ್ತು.

"ಮಾವ, ಇದು ಆಟ" ಎಂದಳು ಹುಡುಗಿ ಗಾಬರಿಯಿಂದ.

"ಆಫ್ ಮಾಡು."

ಕಂಪ್ಯೂಟರಿನ ಮೇಲೆ ಹಳೆಯ ಹೊದಿಕೆ ಬಿತ್ತು. ಅವಳು ಅಳುಮುಖ ಮಾಡಿಕೊಂಡು ಹೋದಳು. ನಾಲ್ಕು ದಿನ ಆ ಮೂಲೆಗೆ ಯಾರೂ ಹೋಗಲಿಲ್ಲ.

ಐದನೆಯ ದಿನ ಹೆಂಡತಿ ಹೊಲಿದ ಬಟ್ಟೆ ಕೊಟ್ಟು ಬರಲು ಹೋದಾಗ ಮೆಲ್ಲಣ್ಣ ತಾನೇ ಹೊದಿಕೆ ತೆಗೆದ. ನಿಂತ ಗಾಡಿ ಕಣ್ಣೆದುರು ಚಲಿಸಿತು, ತಾನು ಅದನ್ನು ಬಿಟ್ಟು ಎದ್ದು ಬಂದೆ, ಇದು ಡ್ರೈವರಿಗೆ ಮರ್ಯಾದೆಯಲ್ಲ ಅನ್ನಿಸಿತು ಎಂದು ಆಮೇಲೆ ಹೇಳಿದ.

ಈ ಸಲ ಏಳಲಿಲ್ಲ. ನಲವತ್ತು ಸೆಕೆಂಡಿಗೆ ಬಲಗಾಲು ನಡುಗತೊಡಗಿತು. ಎಡಗಾಲು ಗಟ್ಟಿಯಾಗಿ ಹಿಡಿದಿತ್ತು, ಬಲಗಾಲು ಸೋತಿತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ. ಎಡಚಕ್ರ ನಿಂತಲ್ಲೇ ನಿಂತಿತು, ಬಲಚಕ್ರ ಮುಂದಕ್ಕೆ ಹೊರಳಿತು, ವಿಮಾನದ ಮೂಗು ಎಡಕ್ಕೆ ತಿರುಗುತ್ತ ಶೆಡ್ಡು ದಾಟಿ, ಪೀಪಾಯಿ ದಾಟಿ, ಬೇಲಿಗೆ ಬಂತು. ಮೆಲ್ಲಣ್ಣ ಮತ್ತೆ ಮೊದಲಿನಿಂದ ಶುರು ಮಾಡಿದ. ಹೆಂಡತಿ ಬರುವ ಹೊತ್ತಿಗೆ ಹದಿನೆಂಟು ಸಲ ಬೇಲಿ ನೋಡಿದ್ದ.

ಹೀಗೆ ಅವನಿಗೆ ತನ್ನ ಕಾಲಿನ ಅಳತೆ ಸಿಕ್ಕಿತು. ರಬ್ಬರು ಪಟ್ಟಿ ಏನನ್ನೂ ಹೇಳುತ್ತಿರಲಿಲ್ಲ. ವಿಮಾನದ ಮೂಗು ಎಲ್ಲ ಹೇಳುತ್ತಿತ್ತು. ಎರಡು ವಾರದಲ್ಲಿ ಒಂದೂವರೆ ನಿಮಿಷ ಹಿಡಿದ. ಮೂಗು ಪೀಪಾಯಿಯ ಹತ್ತಿರ ನಿಲ್ಲತೊಡಗಿತು. ಫಿಸಿಯೋ ಮೇಡಂ ಕೂತು ನೋಡಿ, ತಮ್ಮ ಕಡತದಲ್ಲಿ ತಾರೀಕಿನ ಎದುರು "ಬೇಲಿ", "ಪೀಪಾಯಿ" ಎಂದು ಬರೆದುಕೊಂಡರು. ದೊಡ್ಡ ಡಾಕ್ಟರು ಅದನ್ನು ನೋಡಿ ಇದ್ಯಾವ ಊರಿನ ಅಳತೆ ಎಂದು ಕೇಳಿದರಂತೆ.

ಅಕ್ಕನ ಮಗಳಿಗೆ ಹೋದ ಜೀವ ಬಂದಂತಾಗಿತ್ತು. ಒಂದು ದಿನ ಬಂದು, "ಕಷ್ಟ ಆದ್ರೆ ಒಂದು ಉಪಾಯ ಇದೆ ಮಾವ" ಎಂದು ಕೀಲಿಮಣೆಯ ಒಂದು ಗುಂಡಿ ತೋರಿಸಿದಳು. ಅದನ್ನು ಒತ್ತಿದರೆ ಚಕ್ರಗಳ ಮುಂದೆ ಮರದ ತುಂಡು ಇಟ್ಟ ಹಾಗೆ. ಮೆಲ್ಲಣ್ಣ ಒತ್ತಿದ. ವಿಮಾನ ಬಂಡೆಯಂತೆ ನಿಂತಿತು. ಏಳು ನಿಮಿಷ ಎರಡೂ ಕಾಲು ಎತ್ತಿಕೊಂಡು ಕೂತ. ಎಂಜಿನ್ ಕಾಯಿತು.

"ತೆಗಿ ಇದನ್ನ" ಎಂದ. "ಮರ ಇಡೋದು ಒಳ್ಳೇದೇ. ಆದ್ರೆ ಬ್ರೇಕ್ ಹಿಡಿದ ಮೇಲೆ ಮರ ಇಡ್ಬೇಕು. ಬ್ರೇಕ್ ಬದಲಿಗೆ ಮರ ಇಟ್ರೆ ಅದು ಗಾಡಿ ನಿಲ್ಸಿದ ಹಾಗಲ್ಲ, ಕಟ್ಟಿ ಹಾಕಿದ ಹಾಗೆ."

ಆದರೂ ಎರಡು ನಿಮಿಷದ ಗಡಿ ದಾಟುವುದು ಆಗಲಿಲ್ಲ. ಅಲ್ಲಿಗೆ ಬಂದರೆ ಕಾಲು ಕಲ್ಲಾಗಿ, ಆಮೇಲೆ ನಡುಗಿ, ಆಮೇಲೆ ಜಾರುತ್ತಿತ್ತು. ಹದಿನೈದು ದಿನ ಹೀಗೇ ಕಳೆಯಿತು. ಒಂದು ಸಂಜೆ ಅವನು ಬೈದುಕೊಳ್ಳುತ್ತ ಪೆಡಲು ಒದ್ದಾಗ ಹೆಂಡತಿ ಎದ್ದು ಬಂದಳು.

"ಏಳಿ ಸ್ವಲ್ಪ. ನೋಡೋಣ ನಾನೊಂದ್ಸಲ."

"ನಿಂಗೇನೇ ಗೊತ್ತು ವಿಮಾನದ ವಿಷ್ಯ?"

"ನಿಮಗೇನು ಗೊತ್ತಿತ್ತು?"

ಆಕೆ ಕೂತು ಚಪ್ಪಲಿ ಬಿಟ್ಟು ಎರಡೂ ಪಾದ ಪೆಡಲುಗಳ ಮೇಲಿಟ್ಟಳು. ಒಂದು ನಿಮಿಷವಾಯಿತು. ಮೂರಾಯಿತು. ಶೆಡ್ಡಿನ ಬಾಗಿಲು ಚೌಕಟ್ಟು ಹಾಕಿದ ಚಿತ್ರದಂತೆ ಎದುರಿಗೇ ನಿಂತಿತ್ತು. ಅಷ್ಟು ಹೊತ್ತೂ ಆಕೆ ಮಡಿಲಲ್ಲಿ ಒಂದು ಅಂಗಿಗೆ ಗುಂಡಿ ಹಾಕುತ್ತಿದ್ದಳು. ಏಳನೆಯ ನಿಮಿಷ ಮುಗಿದಾಗ ಹಲ್ಲಲ್ಲಿ ನೂಲು ಕಡಿದು, "ಆಯ್ತಾ?" ಎಂದಳು.

ಮೆಲ್ಲಣ್ಣ ಬಾಯಿ ಬಿಟ್ಟುಕೊಂಡು ನಿಂತಿದ್ದ. "ಹೇಗೆ ಮಾಡ್ದೆ?"

"ನಿಮ್ಮ ತರ ಒತ್ತಲ್ಲ ನಾನು. ಕಾಲು ಇಡ್ತೀನಿ, ಅಷ್ಟೇ. ಕಾಲರಿನ ತಿರುವಲ್ಲಿ ಮಿಷನ್ ಪೆಡಲ್ ಒತ್ತಿದ್ರೆ ಸೂಜಿ ಕೈ ಮೇಲೆ ಹೋಗುತ್ತೆ. ನೀವು ಇಡೀ ಬಸ್ಸು ನಿಲ್ಸೋ ಹಾಗೆ ತುಳೀತೀರಿ. ಆ ವಿಮಾನ ಎಷ್ಟು ಎಳೆಯುತ್ತೋ ಅಷ್ಟಕ್ಕೆ ಮಾತ್ರ ಅಡ್ಡ ಹಿಡೀರಿ. ಜಾಸ್ತಿ ಯಾಕೆ?"

ಬಸ್ಸಿನಲ್ಲಿ ಯಾವತ್ತೂ ತುಳಿಯದ ಮನುಷ್ಯ, ಇಲ್ಲಿ ಹೆದರಿಕೆಯಿಂದ ತುಳಿಯುತ್ತಿದ್ದ. ಹೆಂಡತಿಯ ಮಾತು ಅವನಿಗೆ ನಾಟಿತು. ಮರುದಿನದಿಂದ ಕಾಲಿನ ಭಾರ ಇಳಿಸಿದ. ಮೂರು ನಿಮಿಷವಾಯಿತು, ವಾರದ ಕೊನೆಗೆ ನಾಲ್ಕಾಯಿತು.

ಅಕ್ಕನ ಮಗಳು ಅವನನ್ನು ಒಂದು ಗುಂಪಿಗೆ ಸೇರಿಸಿದ್ದು ಆಗ. ಆರು ಜನ, ಬೇರೆ ಬೇರೆ ಊರಿನವರು, ಶನಿವಾರ ಸಂಜೆ ಐದಕ್ಕೆ ಅದೇ ಹುಲ್ಲುಬಯಲಲ್ಲಿ ಒಟ್ಟಾಗಿ ವಿಮಾನ ಹಾರಿಸುತ್ತಿದ್ದರು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡರೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತಿತ್ತು. ಮುಂದಾಳು ಒಬ್ಬ ಹಲ್ಲಿನ ಡಾಕ್ಟರು. ಮೆಲ್ಲಣ್ಣನ ಪಕ್ಕದ ವಿಮಾನ ಒಬ್ಬ ಬೇಕರಿಯವನದು. ಮೆಲ್ಲಣ್ಣ ಮೊದಲೇ ಹೇಳಿಬಿಟ್ಟ: "ನಾನು ಹಾರಲ್ಲ. ಸಾಲಲ್ಲಿ ನಿಂತಿರ್ತೀನಿ, ನೀವು ಹೋಗಿ ಬನ್ನಿ." ಅವರಿಗೆ ಅದು ವಿಚಿತ್ರವೆನಿಸಿದರೂ ಒಪ್ಪಿಕೊಂಡರು.

ಮೊದಲ ಶನಿವಾರ ಐದನೆಯ ನಿಮಿಷಕ್ಕೆ ಕಾಲು ಸೋತು, ಅವನ ವಿಮಾನ ತಿರುಗಿ ಬೇಕರಿಯವನ ರೆಕ್ಕೆ ಮುರಿಯಿತು.

"ಅಣ್ಣಾ, ಯುದ್ಧ ಇನ್ನೂ ಶುರುವಾಗಿಲ್ಲ, ನೀವಾಗ್ಲೇ ನನ್ನ ಹೊಡೆದ್ರಿ" ಎಂದ ಬೇಕರಿಯವನು. ಎಲ್ಲರೂ ನಕ್ಕರು. ಮೆಲ್ಲಣ್ಣನಿಗೂ ನಗು ಬಂತು. ಡಿಪೋ ಬಿಟ್ಟ ಮೇಲೆ ಯಾರೂ ಅವನನ್ನು ರೇಗಿಸಿರಲಿಲ್ಲ. ಎಲ್ಲರೂ "ಪಾಪ" ಎಂದೇ ಮಾತಾಡಿಸುತ್ತಿದ್ದರು.

ಐದು ವಾರ ಕಳೆದ ಮೇಲೆ, ಒಂದು ಶನಿವಾರ ಆಟದ ಆಕಾಶದಲ್ಲಿ ಮೋಡ ಕವಿದು ಡಾಕ್ಟರು ಎಲ್ಲರನ್ನೂ ತಡೆದರು. "ಸ್ವಲ್ಪ ಕಾಯಿರಿ, ತಿಳಿಯಾಗ್ಲಿ." ಕಾಯುವುದು ಒಂಬತ್ತು ನಿಮಿಷವಾಯಿತು. ಒಬ್ಬೊಬ್ಬರ ವಿಮಾನವೂ ತೆವಳತೊಡಗಿತು. ಒಬ್ಬನ ಮೂಗು ಇನ್ನೊಬ್ಬನ ಬಾಲಕ್ಕೆ ತಾಗುವಂತಾಯಿತು. "ಹಿಂದಕ್ಕೆ ಬಾರಯ್ಯ" ಎಂದರು ಡಾಕ್ಟರು. "ವಿಮಾನಕ್ಕೆ ರಿವರ್ಸ್ ಎಲ್ಲಿದೆ ಡಾಕ್ಟ್ರೇ?" ಎಂದಿತು ಒಂದು ಧ್ವನಿ. ಆ ಗಲಾಟೆಯಲ್ಲಿ ಮೆಲ್ಲಣ್ಣನ ವಿಮಾನವೊಂದೇ ನೆಟ್ಟ ಕಂಬದಂತೆ ನಿಂತಿತ್ತು.

"ನೀವು ಮರ ಇಡೋ ಗುಂಡಿ ಒತ್ತಿದೀರಾ ಅಣ್ಣ?" ಬೇಕರಿಯವನು ಕೇಳಿದ.

"ಇಲ್ಲಪ್ಪ. ಕಾಲು."

"ಅದ್ಹೇಗೆ?"

"ಮೂಗು ನೋಡ್ಕೊಂಡು ಕೂರ್ಬೇಡ. ಮೂಗು ಅಲ್ಲಾಡಿದ್ದು ಕಣ್ಣಿಗೆ ಕಾಣೋ ಹೊತ್ತಿಗೆ ತಡ ಆಗಿರುತ್ತೆ. ಪಕ್ಕದಲ್ಲಿ ಒಂದು ಕಂಬ ಇದೆಯಲ್ಲ, ಅದರ ಹಿಂದೆ ದೂರದಲ್ಲೊಂದು ಮರ. ಎರಡನ್ನೂ ಒಂದೇ ಗೆರೇಲಿ ಹಿಡ್ಕೋ. ಮರ ಕಂಬದ ಪಕ್ಕದಿಂದ ಇಣುಕ್ತು ಅಂದ್ರೆ ನೀನು ಚಲಿಸಿದೀಯ. ಆಗ ಇಷ್ಟೇ ಇಷ್ಟು ಒತ್ತು. ನಾವು ಇಳಿಜಾರಲ್ಲಿ ಬಸ್ ನಿಲ್ಸುವಾಗ ಹಾಗೇ ನೋಡೋದು."

ಒಬ್ಬೊಬ್ಬರಾಗಿ ಕಂಬ ಮತ್ತು ಮರ ಹುಡುಕಿದರು. ತೆವಳುವುದು ನಿಂತಿತು. ಸಾಲು ಸಾಲಾಗಿ ಆರು ವಿಮಾನ ಮೋಡದ ಕೆಳಗೆ ಸುಮ್ಮನೆ ನಿಂತವು.

"ಬಸ್ ಡ್ರೈವರಾ ನೀವು?" ಎಂದ ಬೇಕರಿಯವನು.

"ಆಗಿದ್ದೆ."

"ಬಿಟ್ಟಿದ್ಯಾಕೆ?"

ಮುಖ ಕಾಣದ ಜನ. ಎದುರಿಗೆ ಹುಲ್ಲುಬಯಲು. ಎರಡೂ ಕಾಲು ಪೆಡಲಿನ ಮೇಲೆ, ಎದ್ದು ಹೋಗುವಂತಿಲ್ಲ. ಮೆಲ್ಲಣ್ಣ ಹೇಳಿದ. ಇಳಿಜಾರು, ವೈಪರು, ಬಂಪರು ಎಲ್ಲ ಹೇಳಿ, ಕೊನೆಗೆ ಉಳಿದದ್ದನ್ನೂ ಹೇಳಿದ. "ಹ್ಯಾಂಡ್ ಬ್ರೇಕ್ ಎಳೆದಿದ್ದೆ ಅಂದೆ. ಎಳೆದೆನೋ ಇಲ್ವೋ ನಂಗೆ ನೆನಪಿಲ್ಲ. ನಿಜವಾಗ್ಲೂ ನೆನಪಿಲ್ಲ."

ಕೋಣೆಯ ಆ ಮೂಲೆಯಲ್ಲಿ ಹೊಲಿಗೆ ಮಿಷನ್ನಿನ ಸದ್ದು ನಿಂತಿತು.

ಹೆಡ್‌ಫೋನಿನಲ್ಲಿ ಡಾಕ್ಟರು ಮಾತಾಡಿದರು. "ನಾನೊಂದ್ಸಲ ಒಬ್ಬ ಹೆಂಗಸಿಗೆ ಕೀಳ್ಬೇಕಾದ್ದು ಬಿಟ್ಟು ಬೇರೆ ಹಲ್ಲು ಕಿತ್ತಿದೀನಿ. ಹದಿನಾಲ್ಕು ವರ್ಷ ಆಯ್ತು. ಆ ಯಮ್ಮನಿಗೆ ಅಲ್ಲೇ ಹೇಳ್ದೆ, ತಪ್ಪಾಯ್ತು ಅಂತ. ಅವತ್ತಿಂದ ಯಾವ ಹಲ್ಲು ಅಂತ ಬಾಯಿಬಿಟ್ಟು ಗಟ್ಟಿಯಾಗಿ ಹೇಳದೆ ಇಕ್ಕಳ ಮುಟ್ಟಲ್ಲ. ನರ್ಸುಗಳು ನಗ್ತಾರೆ. ನಗ್ಲಿ."

ಮೋಡ ತಿಳಿಯಾಯಿತು. ಐವರು ಹಾರಿಹೋದರು. ಮೆಲ್ಲಣ್ಣ ಎಂಜಿನ್ ಆರಿಸಿ, ಹೆಡ್‌ಫೋನ್ ತೆಗೆದಿಟ್ಟು, ಹೆಂಡತಿಯ ಕಡೆ ತಿರುಗಿದ.

"ಕೇಳಿಸ್ಕೊಂಡ್ಯಾ?"

"ಹ್ಞೂಂ."

"ನಿನಗೆ ಮೊದಲೇ ಹೇಳ್ಬೇಕಿತ್ತು."

"ಹೇಳೋದೇನ್ರೀ? ಆಸ್ಪತ್ರೆಯಿಂದ ಬಂದಾಗಿಂದ ಬಾಗಿಲ ಚಿಲಕ ಮೂರು ಸಲ ಎಳೆದು ನೋಡ್ತೀರಿ. ಗ್ಯಾಸ್ ಆರಿದೆಯಾ ಅಂತ ನನ್ನ ಎರಡು ಸಲ ಕೇಳ್ತೀರಿ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ. ಮೂವತ್ತು ವರ್ಷ ಜೊತೆಗಿದ್ದು ಅಷ್ಟೂ ಗೊತ್ತಾಗಲ್ವಾ?" ಸೂಜಿಗೆ ನೂಲು ಪೋಣಿಸುತ್ತ, ಅದೇ ದನಿಯಲ್ಲಿ ಸೇರಿಸಿದಳು: "ನನಗೆ ಹೇಳದಿದ್ರೂ ನಡೀತಿತ್ತು. ಟೈರ್ ಗೋದಾಮಲ್ಲಿ ಒಬ್ಬರು ಕೂತಿದಾರಲ್ಲ, ಅವರಿಗೆ ಹೇಳ್ಬೇಕು."

ಸೋಮವಾರ ಮೆಲ್ಲಣ್ಣ ಅಪಘಾತದ ನಂತರ ಮೊದಲ ಬಾರಿಗೆ ಡಿಪೋಗೆ ಹೋದ. ಗೋದಾಮಿನಲ್ಲಿ ಹಳೆಯ ಮೆಕ್ಯಾನಿಕ್ ಒಂದು ಟೈರಿನ ಮೇಲೆ ಕೂತು, ಇನ್ನೊಂದಕ್ಕೆ ಸೀಮೆಸುಣ್ಣದಲ್ಲಿ ನಂಬರು ಬರೆಯುತ್ತಿದ್ದ. ಮೆಲ್ಲಣ್ಣ ನಿಂತೇ ಎಲ್ಲ ಹೇಳಿದ. ಮೆಕ್ಯಾನಿಕ್ ತಲೆ ಎತ್ತದೆ ನಂಬರು ಬರೆದು ಮುಗಿಸಿದ.

"ಕೂತ್ಕೋ" ಎಂದ. "ಆ ವೈರು ಸವೆದಿದ್ದು ನಿಜ. ಮೂರು ಎಳೆ ಹೋಗಿತ್ತು. ನಾನು ನೋಡಿರ್ಲಿಲ್ಲ. ನೀನು ಎಳೆದಿದ್ರೂ ನಿಲ್ತಿತ್ತೋ ಇಲ್ವೋ, ದೇವರೇ ಬಲ್ಲ. ಎಂಟು ತಿಂಗಳಿಂದ ನಾನೂ ಅದನ್ನೇ ಯೋಚ್ನೆ ಮಾಡ್ತಿದೀನಿ. ನಿನ್ನ ಮನೆಗೆ ಬರೋಕೆ ಮುಖ ಇರ್ಲಿಲ್ಲ."

"ನಂಗೆ ಇಲ್ಲಿಗೆ ಬರೋಕೆ ಮುಖ ಇರ್ಲಿಲ್ಲ."

ಮೆಕ್ಯಾನಿಕ್ ಸೀಮೆಸುಣ್ಣ ಕಿಸೆಗಿಟ್ಟು ಎದ್ದ. ಇಬ್ಬರೂ ಒಟ್ಟಿಗೇ ಮ್ಯಾನೇಜರ ಕೋಣೆಗೆ ನಡೆದರು.

ಮ್ಯಾನೇಜರು ಕೇಳಿ ಹಣೆ ಉಜ್ಜಿಕೊಂಡರು. "ಮುಗಿದ ಮದುವೆಗೆ ವಾಲಗ ಯಾಕ್ರೀ? ಕಾಗದ ಮೇಲಕ್ಕೆ ಹೋಗಿ ಆಗಿದೆ."

"ಮದುವೆ ಇವನ ಪಾಲಿಗೆ ಮುಗಿದಿಲ್ಲ ಸಾರ್" ಎಂದ ಮೆಲ್ಲಣ್ಣ, ಮೆಕ್ಯಾನಿಕ್‌ನ ಕಡೆ ಕೈ ತೋರಿಸಿ. "ವೈರು ಸವೆದಿತ್ತು, ಅದು ಇರ್ಲಿ. ನಾನು ಎಳೆದೆ ಅಂದಿದ್ದು ಖಾತ್ರಿ ಇಲ್ಲದ ಮಾತು. ಅದನ್ನೂ ಬರ್ಕೊಳ್ಳಿ. ನಾನು ಸಹಿ ಹಾಕ್ತೀನಿ."

ಬರೆದುಕೊಂಡರು. ಮುಂದೇನಾಗುತ್ತದೋ ಎಂದು ಹೆಂಡತಿ ಎರಡು ತಿಂಗಳು ಉಸಿರು ಬಿಗಿಹಿಡಿದಿದ್ದಳು. ಮೆಲ್ಲಣ್ಣನಿಗೆ ಒಂದು ಎಚ್ಚರಿಕೆಯ ಪತ್ರ ಬಂತು. ಮೆಕ್ಯಾನಿಕ್‌ಗೂ ಒಂದು ಬಂತು, ಆದರೆ ಅವನನ್ನು ಮತ್ತೆ ರಿಪೇರಿ ಗುಂಡಿಗೆ ಕರೆಸಿಕೊಂಡರು. ಇಳಿಜಾರಿನ ಅಂಗಳದಲ್ಲಿ ಪ್ರತಿ ಬಸ್ಸಿಗೂ ಎರಡೆರಡು ಮರದ ತುಂಡು ತಂದಿಟ್ಟರು. ಅದು ಮ್ಯಾನೇಜರ ಲೆಕ್ಕದಲ್ಲಿ ಇರದ ಖರ್ಚು. ಹಾಗಾಗಿ ಮೆಕ್ಯಾನಿಕ್ ಹಳೆಯ ಹಲಗೆಗಳನ್ನು ಕೊಯ್ದು ಮಾಡಿಕೊಟ್ಟ.

ಅಷ್ಟರಲ್ಲಿ ಫಿಸಿಯೋ ಮೇಡಂನ ಕಡತದಲ್ಲಿ "ಶೆಡ್ಡಿನ ಬಾಗಿಲು, ಏಳು ನಿಮಿಷ" ಎಂದು ಬಿದ್ದಿತ್ತು. ಅದರ ಕೆಳಗೆ ಅವರು ಎರಡು ಗೆರೆ ಎಳೆದಿದ್ದರು. ಕೋಲು ಬಾಗಿಲ ಹಿಂದೆ ಸೇರಿತು. ವೈದ್ಯರ ಮಂಡಳಿ ಅವನ ಕಾಲನ್ನು ಒತ್ತಿಸಿ, ಎಳೆಸಿ, ಮೆಟ್ಟಿಲು ಹತ್ತಿಸಿ ನೋಡಿತು. ಪ್ರಯಾಣಿಕರ ಬಸ್ಸು ಓಡಿಸುವಷ್ಟು ಬಲ ಬಂದಿಲ್ಲ ಎಂದರು. ಕೇಳಿ ಮೆಲ್ಲಣ್ಣ ಎರಡು ದಿನ ಮೂಲೆಯ ಕುರ್ಚಿಯಲ್ಲೇ ಕೂತು, ಬಸ್ಸು ಬಂದರೆ ಮುಖ ತಿರುಗಿಸಿದ. ಹೆಂಡತಿ ಅಡುಗೆಯಲ್ಲಿ ಅವನಿಗೆ ಇಷ್ಟವಾದದ್ದನ್ನೇ ಮಾಡಿ ಬಡಿಸಿದಳು.

ಮೂರನೆಯ ದಿನ ಮ್ಯಾನೇಜರು ಫೋನು ಮಾಡಿದರು. ಹೊಸ ಡ್ರೈವರುಗಳಿಗೆ ಕಲಿಸುವ ಅಂಗಳದಲ್ಲಿ ಒಬ್ಬರು ಬೇಕು, ಖಾಲಿ ಬಸ್ಸು, ಪ್ರಯಾಣಿಕರಿಲ್ಲ, ಮಂಡಳಿಯ ಅಡ್ಡಿಯಿಲ್ಲ. "ಓಡಿಸೋದು ಕಲಿಸೋಕೆ ಬೇಕಾದಷ್ಟು ಜನ ಸಿಗ್ತಾರೆ. ನಿಲ್ಸೋದು ಕಲಿಸೋರು ಬೇಕು. ನೀವೇ ಬಂದ್ರೆ ಒಳ್ಳೇದು" ಎಂದರು. ಮೆಲ್ಲಣ್ಣ ಯೋಚಿಸಿ ಹೇಳುತ್ತೇನೆ ಎಂದು ಫೋನು ಇಟ್ಟ. ಇಟ್ಟವನೇ ಶೂ ಹುಡುಕತೊಡಗಿದ.

ಕೆಲಸಕ್ಕೆ ಸೇರುವ ಮುಂಚಿನ ಶನಿವಾರ ಗುಂಪಿನವರು ಬಿಡಲಿಲ್ಲ. "ಒಂದ್ಸಲನಾದ್ರೂ ಮೇಲೆ ಬನ್ನಿ ಅಣ್ಣ" ಎಂದು ಹಟ ಹಿಡಿದರು. ಎಂಜಿನ್ ಕಾದ ಮೇಲೆ ಮೆಲ್ಲಣ್ಣ ಎರಡೂ ಕಾಲು ಸಡಿಲಿಸಿದ. ಹುಲ್ಲು ಹಿಂದೆ ಓಡಿತು, ಬಯಲು ಕೆಳಗಿಳಿಯಿತು. ಅಕ್ಕನ ಮಗಳು ಅವನ ಭುಜ ಹಿಡಿದುಕೊಂಡು "ಮೇಲೆ ಮಾವ, ಮೇಲೆ" ಎನ್ನುತ್ತಿದ್ದಳು. ಹೆಂಡತಿ ಕತ್ತರಿ ಕೈಯಲ್ಲೇ ಹಿಡಿದು ಬಂದು ನಿಂತಳು. ಸುಮಾರು ಒಂದು ನಿಮಿಷ ಮೋಡ, ಹೊಲ, ನದಿಯ ಗೆರೆ ಎಲ್ಲ ಕಂಡವು. ಆಮೇಲೆ ತಿರುಗಿಸಲು ಹೋಗಿ ಮರಗಳ ಗುಂಪಿನ ಮೇಲೆ ಬಿದ್ದ.

"ಚೆನ್ನಾಗಿತ್ತು" ಎಂದ, ನಗುತ್ತ. "ಆದ್ರೆ ಇದು ನಮ್ಮ ಕಸುಬಲ್ಲ ಕಣಮ್ಮ."

ಕಲಿಕೆಯ ಅಂಗಳ ಊರಿನ ಹೊರಗೆ. ಒಂದು ಕಡೆ ಇಳಿಜಾರು ಕಟ್ಟೆ, ಅದರ ಮೇಲೆ ಮೂರು ಹಳೆಯ ಬಸ್ಸು. ಮೊದಲ ದಿನ ಆರು ಜನ ಬಂದರು. ಮುಂದೆ ನಿಂತವಳು ಮೂವತ್ತರ ಆಸುಪಾಸಿನ ಹೆಂಗಸು, ಮೊದಲು ಹಾಲಿನ ವ್ಯಾನು ಓಡಿಸುತ್ತಿದ್ದಳಂತೆ. ಮೆಲ್ಲಣ್ಣ ಅವರಿಗೆ ತನ್ನ ಕಥೆಯನ್ನು ಎರಡೇ ಮಾತಲ್ಲಿ ಹೇಳಿ, ಪ್ಯಾಂಟಿನ ತುದಿ ಎತ್ತಿ ಕಾಲು ತೋರಿಸಿದ. "ಎಳೆದೆನೋ ಇಲ್ವೋ ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ. ಅದಕ್ಕೇ ನೀವು ಬಾಯಿಬಿಟ್ಟು ಹೇಳ್ಬೇಕು. ಎಳೆದೆ ಅಂತ ಹೇಳಿ, ಆಮೇಲೆ ಇಳೀರಿ. ಮರ ಇಡಿ, ಇಟ್ಟೆ ಅಂತ ಹೇಳಿ. ಎರಡು ಹೆಜ್ಜೆ ಪಕ್ಕಕ್ಕೆ ಹೋಗಿ. ಮುಂದೆ ಅಲ್ಲ, ಹಿಂದೆ ಅಲ್ಲ, ಪಕ್ಕಕ್ಕೆ. ನಿಂತು ನೋಡಿ."

ಹಾಲಿನ ವ್ಯಾನಿನವಳು ಮೊದಲು ಹತ್ತಿದಳು. ಕಟ್ಟೆಯ ನಡುವೆ ಬಸ್ಸು ನಿಲ್ಲಿಸಿ ಬ್ರೇಕಿನ ಸನ್ನೆಕೋಲು ಎಳೆದು, ನಾಚಿಕೊಂಡು ಸಣ್ಣಗೆ "ಎಳೆದೆ" ಎಂದಳು.

"ಯಾರಿಗೆ ಹೇಳ್ತಿದೀಯ? ಕಿಸೆಗಾ?"

ಕೆಳಗಿದ್ದವರು ನಕ್ಕರು. ಅವಳೂ ನಕ್ಕು, ಗಂಟಲು ಸರಿ ಮಾಡಿಕೊಂಡು ಅಂಗಳದ ಆಚೆ ತುದಿಗೆ ಕೇಳುವಂತೆ ಕೂಗಿದ್ದರಿಂದ ತಂತಿಯ ಮೇಲೆ ಕೂತಿದ್ದ ಎರಡು ಕಾಗೆ ಹಾರಿದವು. ಇಳಿದು ಬಂದು ಮರ ಇಟ್ಟು, ಪಕ್ಕಕ್ಕೆ ನಿಂತು ನೋಡಿದಳು.

"ಎಷ್ಟು ಹೊತ್ತು ನೋಡ್ಬೇಕು ಸಾರ್?"

"ನಿನಗೆ ಸಾಕು ಅನ್ನಿಸೋವರೆಗೆ. ಅದಾದ ಮೇಲೆ ಇನ್ನೂ ಸ್ವಲ್ಪ."

ಅವಳು ಸೊಂಟಕ್ಕೆ ಕೈಯಿಟ್ಟು ನಿಂತಳು. ಉಳಿದ ಐವರು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಸಾಲಿನಲ್ಲಿ ಮುಂದೆ ಸರಿದರು. ಮಧ್ಯಾಹ್ನದ ಹೊತ್ತಿಗೆ ಎಲ್ಲರಿಗೂ ಎರಡೆರಡು ಸರದಿ ಆಗಿತ್ತು, ಎಲ್ಲರ ಗಂಟಲೂ ಒಡೆದಿತ್ತು.

"ನಾಳೆ ಎಷ್ಟು ಗಂಟೆಗೆ ಸಾರ್?" ಹೊರಡುವಾಗ ಅವಳು ಕೇಳಿದಳು.

"ಏಳಕ್ಕೆ" ಎಂದ ಮೆಲ್ಲಣ್ಣ. "ಶೂ ಹಾಕ್ಕೊಂಡು ಬಾ. ಚಪ್ಪಲಿ ಬೇಡ."